ಗದ್ದುಗೆ ಏರಿದ ಜಾಕ್ ಸ್ಟ್ಯಾಂಡುಗಳು

ಗುರು-ಶಿಷ್ಯರ ಕಥೆ ಅಂದ ಕೂಡಲೇ ಕಣ್ಣು ಮುಚ್ಚಿ, ಕೈ ಕಟ್ಟಿ ಕೂರುವವರಿದ್ದಾರೆ. ದಯವಿಟ್ಟು ಕಣ್ಣು ಬಿಟ್ಟುಕೊಂಡೇ ಕೇಳಿ. ಇದು ಒಂದು ಹಳೇ ಕಾರಿನ ಅಡಿಯಲ್ಲಿ ನಡೆದದ್ದು.

ಹೊಳೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲಿ ಸಿದ್ಧಮಲ್ಲ ಸ್ವಾಮಿಗಳು ಅಂತ ಗುರುಗಳು. ಅವರ ಫೋಟೋದ ಕೆಳಗೆ ಭಕ್ತರು 'ಶಾಂತಮೂರ್ತಿ' ಅಂತ ಬರೆಸಿದ್ದರು. ಕೋಪ ಮಾತ್ರ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಶಿಷ್ಯನ ಹೆಸರು ನಿಜಗುಣ. ಎಳೆ ಹುಡುಗನಲ್ಲ, ಮೀಸೆ ನರೆಯಲು ಶುರುವಾದ ಗಂಡಸು. ಮಠದ ಬಿಳಿ ಕಾರನ್ನು ಓಡಿಸುವವನೂ ಅವನೇ, ಕೆಟ್ಟರೆ ಕೆಳಗೆ ತೂರಿ ರಿಪೇರಿ ಮಾಡುವವನೂ ಅವನೇ. ಅವನ ತಾಯಿ ಗುರುಮಲ್ಲಮ್ಮ ಮಠದ ಅಡುಗೆಮನೆ ನೋಡಿಕೊಳ್ಳುತ್ತಿದ್ದಳು. ಆಕೆಗೆ ಇವನೊಬ್ಬನೇ ಮಗ.

ನಿಜಗುಣ ಒಳ್ಳೆಯವನು, ಮೈಗಳ್ಳನಲ್ಲ. ಆದರೆ ಗುರುಗಳ ಮೇಲೆ ಅವನಿಗೆ ಎಷ್ಟು ಭಕ್ತಿ ಅಂದರೆ, ಆ ಭಕ್ತಿಯ ಮುಂದೆ ತಲೆಗೆ ಮಾಡಲು ಕೆಲಸವೇ ಇರಲಿಲ್ಲ. ಇದನ್ನು ನಾನು ಹೊಗಳಿಕೆ ಅಂತ ಹೇಳುತ್ತಿಲ್ಲ.

ಒಂದು ಬೆಳಿಗ್ಗೆ ಗುರುಗಳು ಹೊಳೆಗೆ ಹೊರಟಿದ್ದರು. ದಾರಿಯ ಪಕ್ಕದ ಮರಳಿನಲ್ಲಿ ಕಾರು ನಿಂತಿತ್ತು. ಕಾರಿನ ಕೆಳಗಿಂದ ಎರಡು ಕಾಲು ಆಚೆ ಬಂದಿದ್ದವು.

"ಯಾರಯ್ಯಾ ಅದು?"

"ನಾನೇ ಬುದ್ಧಿ, ನಿಜಗುಣ."

ಆ ಕಡೆಯಲ್ಲಿ ಸ್ವಾಮಿಗಳನ್ನು 'ಬುದ್ಧಿ' ಅಂತಲೇ ಕರೆಯುವುದು.

"ಏನ್ ಮಾಡ್ತಿದ್ದೀಯ?"

"ಗೇರ್ ಬಾಕ್ಸಿಂದ ಆಯಿಲ್ ಸೋರ್ತಾ ಇದೆ ಬುದ್ಧಿ. ಬಿಗಿ ಮಾಡ್ತಿದ್ದೀನಿ."

"ಅದು ಸರಿ. ಕಾರು ಯಾವುದರ ಮೇಲೆ ನಿಂತಿದೆ?"

"ನಿಮ್ಮ ಆಶೀರ್ವಾದದ ಮೇಲೆ ಬುದ್ಧಿ."

ಗುರುಗಳು ಬಗ್ಗಿ ನೋಡಿದರು. ಮರಳಿನ ಮೇಲೆ ಒಂದು ಸೀಳು ಬಿಟ್ಟ ಹಲಗೆ, ಹಲಗೆಯ ಮೇಲೆ ಜಾಕ್. ಜಾಕ್ ಆಗಲೇ ಒಂದು ಕಡೆಗೆ ವಾಲಿತ್ತು. ಅದರ ಪಕ್ಕದಲ್ಲಿ ಕಾಂಪೌಂಡ್ ಕಟ್ಟಿ ಮಿಕ್ಕಿದ್ದ ಟೊಳ್ಳು ಸಿಮೆಂಟ್ ಇಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿದ್ದ. ಮೇಲಿನ ಇಟ್ಟಿಗೆಗೆ ವಿಭೂತಿ ಬಳಿದಿದ್ದ.

"ನನ್ನ ಆಶೀರ್ವಾದಕ್ಕೆ ದೊಡ್ಡ ದೊಡ್ಡ ತೂತುಗಳಿವೆ ಕಣಯ್ಯಾ. ಮೊದಲು ಆಚೆ ಬಾ."

"ಇನ್ನೊಂದೇ ಸುತ್ತು ಬುದ್ಧಿ."

"ಆಚೆ ಬಾ ಅಂದೆ!"

ನಿಜಗುಣ ತೆವಳಿಕೊಂಡು ಆಚೆ ಬಂದ. ಮುಖದ ತುಂಬ ಮಸಿ, ಮಸಿಯ ಮಧ್ಯೆ ನಗು. ಆ ನಗು ನೋಡಿ ಗುರುಗಳಿಗೆ ಇನ್ನೂ ರೇಗಿತು.

"ಜಾಕ್ ಇರೋದು ಎತ್ತೋದಕ್ಕೆ. ಹೊತ್ಕೊಂಡು ನಿಲ್ಲೋದಕ್ಕಲ್ಲ. ಅದು ಜಾರಿದ್ರೆ ಏನ್ ಗತಿ?"

"ನೀವಿದ್ದೀರಲ್ಲ ಬುದ್ಧಿ."

"ನಾನು ಹೊಳೇಲಿ ಇರ್ತೀನಿ! ನೀರಲ್ಲಿ ಮುಳುಗಿ ಮೂಗು ಹಿಡ್ಕೊಂಡಿರ್ತೀನಿ! ಅಲ್ಲಿಂದ ಕಾರು ಹಿಡ್ಕೊಳ್ಳೋಕಾಗುತ್ತಾ?"

"ನಿಮ್ಮಿಂದ ಆಗದ್ದು ಏನಿದೆ ಬುದ್ಧಿ?"

ಗುರುಗಳು ಅವತ್ತು ಸ್ನಾನ ಬಿಟ್ಟರು. ಶಿಷ್ಯನ ಕೈ ಹಿಡಿದು ಬಸ್ಸು ಹತ್ತಿಸಿ ನೇರ ಪೇಟೆಗೆ ಕರೆದುಕೊಂಡು ಹೋದರು.

ಪೇಟೆಯಲ್ಲಿ ಗಾಡಿ ಸಾಮಾನಿನ ಅಂಗಡಿ. ಗೋಡೆಯ ಉದ್ದಕ್ಕೂ ಜಾಕ್ ಸ್ಟ್ಯಾಂಡುಗಳು. ಕಾರನ್ನು ಎತ್ತಿದ ಮೇಲೆ ಅದು ಕೂರಬೇಕಾದ ಕಬ್ಬಿಣದ ಕಾಲುಗಳು ಇವು. ಗಿಡ್ಡನೆಯವು, ಉದ್ದನೆಯವು, ಕೆಂಪು, ನೀಲಿ, ಹಳದಿ.

ನಿಜಗುಣ ಒಳಗೆ ಕಾಲಿಟ್ಟವನೇ ಒಂದನ್ನು ಎತ್ತಿಕೊಂಡ.

"ಇದು ಬುದ್ಧಿ. ಇದೇ ಸರಿ."

"ಯಾಕೆ?"

"ಕಾವಿ ಬಣ್ಣ ಇದೆ."

ಗುರುಗಳು ಅಂಗಡಿಯವನ ಮುಖ ನೋಡಿದರು. ಅಂಗಡಿಯವನು ನೆಲ ನೋಡಿದ.

"ನಮ್ಮ ಕಾರು ಎಷ್ಟು ತೂಗುತ್ತೆ ನಿಜಗುಣ?"

"ಯಾವತ್ತೂ ತೂಗಿಲ್ಲ ಬುದ್ಧಿ."

"ಎದೆ ಮೇಲೆ ಬಿದ್ದ ದಿನ ತೂಗ್ತೀಯಾ?"

ಅಂಗಡಿಯವನು ಮಧ್ಯೆ ಬಾಯಿ ಹಾಕಿದ. "ಸ್ವಾಮೀ, ಹಳೇ ಕಾರು ಅಂದ್ರೆ ಒಂದು ಟನ್ನಿನ ಮೇಲೇ ಇರುತ್ತೆ. ಎರಡು ಮೂರು ಟನ್ ತಡಿಯೋದು ತಗೊಳ್ಳಿ. ಸರಿಯಾಗಿ ಅಷ್ಟಕ್ಕಷ್ಟೇ ತಡಿಯೋದು ತಗೋಬಾರದು. ಈ ಕಾವಿ ಬಣ್ಣದ್ದು ತೆಳು ತಗಡು, ಬೆಸುಗೆ ನೋಡಿ, ಬರೀ ಚುಕ್ಕಿ ಚುಕ್ಕಿ."

"ಕೇಳಿದೆಯಾ?" ಅಂದರು ಗುರುಗಳು.

"ಕೇಳಿದೆ ಬುದ್ಧಿ. ಆದ್ರೆ ನೀವು ಒಂದ್ಸಲ ಮುಟ್ಟಿಬಿಟ್ರೆ ಯಾವುದಾದ್ರೂ ಸರಿಯೇ."

"ಈಗ ತಾನೇ ನಾನು ಮುಟ್ಟಿದ್ದು ಇವರ ಅಂಗಡಿ ಬೆಕ್ಕನ್ನ. ಅದನ್ನ ಕಾರಿನ ಕೆಳಗೆ ಇಡ್ತೀಯಾ?"

ನಿಜಗುಣ ನಿಜವಾಗಿಯೂ ಬೆಕ್ಕಿನ ಕಡೆ ಒಂದು ಸಲ ನೋಡಿದ. ನೋಡಿದನಲ್ಲಾ ಅಂತ ನನಗೆ ಇವತ್ತಿಗೂ ಸಿಟ್ಟು.

ಗುರುಗಳು ಕಾವಿ ಪಂಚೆ ಮೇಲಕ್ಕೆ ಕಟ್ಟಿ ನೆಲದ ಮೇಲೆ ಕೂತರು. ಒಂದೊಂದೇ ಸ್ಟ್ಯಾಂಡನ್ನು ಮಗುಚಿ ನೋಡಿದರು. ಕಾಲುಗಳು ಅಗಲವಾಗಿ ಚಾಚಿಕೊಂಡಿವೆಯೋ, ಕೋಲಿನ ಹಾಗೆ ಹತ್ತಿರ ಹತ್ತಿರ ಇವೆಯೋ? ಎತ್ತರ ಹೊಂದಿಸುವ ಹಲ್ಲುಗಳು ಪೂರ್ತಿ ಕಚ್ಚುತ್ತವೆಯೋ, ಮೇಲೆ ಮೇಲೆ ಮುಟ್ಟುತ್ತವೆಯೋ? ಹಲ್ಲು ಜಾರಿದರೂ ತಡೆಯಲು ಅಡ್ಡ ತೂರಿಸುವ ಪಿನ್ನು ಇದೆಯೋ ಇಲ್ಲವೋ?

"ಯಾಕೆ ಬುದ್ಧಿ ಇಷ್ಟೊಂದು ಅನುಮಾನ?" ಅಂದ ನಿಜಗುಣ. ಅವನಿಗೆ ನಾಚಿಕೆ ಆಗುತ್ತಿತ್ತು. ಅಂಗಡಿಗೆ ಬಂದವರೆಲ್ಲ ಸ್ವಾಮಿಗಳು ಕಬ್ಬಿಣ ಕೆದಕುವುದನ್ನು ನಿಂತು ನೋಡುತ್ತಿದ್ದರು.

"ಇದರ ಕೆಳಗೆ ಮಲಗೋನು ನೀನು. ಅನುಮಾನ ಪಡಬೇಕಾದವನೂ ನೀನೇ. ನೀನು ಪಡಲ್ಲ ಅಂತ ನಾನು ಪಡ್ತಿದ್ದೀನಿ."

ಆಮೇಲೆ ರಬ್ಬರ್ ಪ್ಯಾಡು. ಜಾಕಿನ ತಲೆಗೂ ಕಾರಿಗೂ ಮಧ್ಯೆ ಇಡುವ ಗುಂಡನೆಯ ಗಟ್ಟಿ ಬಿಲ್ಲೆ. ನಿಜಗುಣ ನುಣ್ಣಗೆ ಹೊಳೆಯುವುದನ್ನು ಆರಿಸಿದ. ಗುರುಗಳು ಅದನ್ನು ಹೆಬ್ಬೆರಳಿನಿಂದ ಒತ್ತಿದರು. ಹೆಬ್ಬೆರಳು ಒಳಗೆ ಹೋಯಿತು.

"ನನ್ನ ಬೆರಳಿಗೇ ಬಗ್ಗೋದು ಕಾರಿಗೆ ನಿಲ್ಲುತ್ತಾ?"

ಕಡೆಗೆ ಅವರು ಗಟ್ಟಿಯಾದದ್ದೊಂದನ್ನು ತೆಗೆದುಕೊಂಡರು. ಅದರ ಮೇಲೆ ಆಳವಾದ ಗೀರು ಇತ್ತು. ಬಾಗಿಲ ಕೆಳಗಿನ ತಗಡಿನ ಅಂಚು ಆ ಗೀರಿನಲ್ಲಿ ಕೂತರೆ ಕಾರು ಪಕ್ಕಕ್ಕೆ ಜಾರುವುದಿಲ್ಲ, ಅಂಚೂ ಜಜ್ಜಿಹೋಗುವುದಿಲ್ಲ ಅಂತ ಅಂಗಡಿಯವನು ತೋರಿಸಿಕೊಟ್ಟ. ಸ್ಟ್ಯಾಂಡುಗಳು ಒಂದು ಜೊತೆ. ಬಣ್ಣ ಮಾಸಲು ಕಪ್ಪು.

ಮಠಕ್ಕೆ ಬಂದ ಮೇಲೆ ಗುರುಗಳು ಅವನ್ನು ತಮ್ಮ ಕೈಯಾರೆ ನಿಜಗುಣನಿಗೆ ಕೊಟ್ಟರು.

"ತಗೋ. ಇವು ಇಲ್ಲದೆ ಕಾರಿನ ಕೆಳಗೆ ಹೋಗಕೂಡದು."

ನಿಜಗುಣ ಎರಡೂ ಕೈ ಚಾಚಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡ. ಆಗಲೇ ಗುರುಗಳಿಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಗ ಅವನ್ನು ಎದೆಗವಚಿಕೊಂಡು ಅಡುಗೆಮನೆಗೆ ಹೋದ. ಗುರುಮಲ್ಲಮ್ಮ ನೋಡಿದಳು.

"ಏನ್ಲಾ ಅದು?"

"ಬುದ್ಧಿ ಕೈಯಾರೆ ಕೊಟ್ಟಿದ್ದು ಕಣವ್ವ. ಕಾರಿನ ಕೆಳಗಿಡೋಕೆ."

"ಅಯ್ಯೋ ಮಂಕೆ! ಬುದ್ಧಿ ಕೊಟ್ಟಿದ್ದನ್ನ ಎಣ್ಣೆ ಮಸಿಗೆ ಹಾಕ್ತಾರಾ? ಕೊಡಿಲ್ಲಿ."

ಆಕೆ ಸ್ಟ್ಯಾಂಡುಗಳನ್ನು ಸೀಗೆಪುಡಿ ಹಾಕಿ ತೊಳೆದಳು. ವಿಭೂತಿ ಬಳಿದಳು. ಹಿಂದಿನ ಗುರುಗಳ ಸಮಾಧಿ ಇರುವ ಗದ್ದುಗೆ ಮನೆಗೆ ಒಯ್ದು, ಗದ್ದುಗೆಯ ಆ ಕಡೆ ಒಂದು, ಈ ಕಡೆ ಒಂದು ನಿಲ್ಲಿಸಿದಳು. ಕಾರು ಕೂರಲಿ ಅಂತ ಅವುಗಳ ತಲೆಯಲ್ಲಿ ಒಂದು ಬಟ್ಟಲಿನಂಥ ತಗ್ಗು ಇತ್ತಲ್ಲ, ಅದರಲ್ಲಿ ಹಣತೆ ಸರಿಯಾಗಿ ಕೂತಿತು. ರಬ್ಬರ್ ಪ್ಯಾಡನ್ನು ಹಿಂದಿನ ಗುರುಗಳ ಪಾದುಕೆಯ ಅಡಿಗೆ ಇಟ್ಟಳು. ಅಭಿಷೇಕ ಮಾಡುವಾಗ ಪಾದುಕೆ ಜಾರುತ್ತಿತ್ತು, ಈಗ ಜಾರುವುದು ನಿಂತಿತು.

ನಿಜಗುಣ ಕೈ ಮುಗಿದು ನಿಂತ. ಅವನ ಕಣ್ಣಲ್ಲಿ ನೀರು.

ಬಂದ ಭಕ್ತರು ಹೂವು ಏರಿಸಿದರು. ದಿನ ಕಳೆದ ಹಾಗೆ ಸ್ಟ್ಯಾಂಡುಗಳು ಹೂವಿನಲ್ಲಿ ಮುಳುಗಿಹೋದವು. ಗುರುಗಳು ದಿನವೂ ಗದ್ದುಗೆಗೆ ಬರುತ್ತಿದ್ದರು, ಯಾರೋ ಎರಡು ದೀಪದ ಕಂಬ ಕೊಟ್ಟಿದ್ದಾರೆ ಅಂದುಕೊಂಡು ಹೋಗುತ್ತಿದ್ದರು.

ಕಾರಿಗೆ ಇದೆಲ್ಲ ಗೊತ್ತಾಗುವುದಿಲ್ಲವಲ್ಲ. ಅದು ಮತ್ತೆ ಸೋರಲು ಶುರುಮಾಡಿತು.

ಆವತ್ತು ಗುರುಗಳು ಹೊಳೆಯಿಂದ ಒದ್ದೆ ಪಂಚೆಯಲ್ಲಿ ಬರುತ್ತಿದ್ದರು. ಅದೇ ಮರಳು, ಅದೇ ಕಾರು. ಕೆಳಗಿಂದ ಅದೇ ಎರಡು ಕಾಲು. ಪಕ್ಕದಲ್ಲಿ ಅದೇ ದರಿದ್ರ ಇಟ್ಟಿಗೆಗಳು. ಜಾಕಿನ ಒತ್ತಡ ಬಿಟ್ಟಿದ್ದ, ಕಾರಿನ ಭಾರವೆಲ್ಲ ಇಟ್ಟಿಗೆಯ ಮೇಲೇ ಇತ್ತು.

"ನಿಜಗುಣಾ!"

"ಬಂದೆ ಬುದ್ಧಿ. ಒಂದೇ ಒಂದು ನಟ್ಟು."

"ಸ್ಟ್ಯಾಂಡ್ ಎಲ್ಲಯ್ಯಾ?"

"ಗದ್ದುಗೆ ಮನೇಲಿ ಬುದ್ಧಿ."

"ಗದ್ದುಗೆ ಮನೇಲಿ ಕಾರಿದೆಯಾ?"

"ಇಲ್ಲ ಬುದ್ಧಿ. ದೀಪ ಇದೆ."

ಆ ಎರಡು ದೀಪದ ಕಂಬ ಏನು ಅಂತ ಗುರುಗಳಿಗೆ ಈಗ ತಿಳಿಯಿತು.

"ಅಯ್ಯೋ ಶಿವನೇ! ಆ ಪ್ಯಾಡು?"

"ದೊಡ್ಡ ಬುದ್ಧಿಯೋರ ಪಾದುಕೆ ಕೆಳಗೆ."

"ನನಗೀಗ ಹಣೆ ಹಣೆ ಚಚ್ಕೋಬೇಕು ಅನ್ನಿಸ್ತಿದೆ. ಮೊದಲು ನೀನು ಆಚೆ ಬಾ, ಆಮೇಲೆ ಚಚ್ಕೋತೀನಿ."

"ಭಯ ಪಡಬೇಡಿ ಬುದ್ಧಿ. ಒಂದೊಂದು ಇಟ್ಟಿಗೆಗೂ ನಿಮ್ಮ ಹೆಸರು ಹೇಳಿಯೇ ಇಟ್ಟಿದ್ದೀನಿ."

"ಇಟ್ಟಿಗೆಗೆ ಕಿವಿ ಇದೆಯೇನಯ್ಯಾ?"

"ನಿಮ್ಮ ಹೆಸರಿಗೆ ಕಲ್ಲೂ ಕರಗುತ್ತೆ ಬುದ್ಧಿ."

"ಕರಗಬಾರದು ಕಣೋ! ಈಗ ಕರಗಬಾರದು!"

ಕೆಳಗಿಂದ ಸ್ಪ್ಯಾನರ್ ತಿರುಗುವ ಸದ್ದು ಬಂತು. ಕಾರು ಸಣ್ಣಗೆ ಕಿರ್ ಅಂದಿತು.

ಗುರುಗಳು ಆ ಕಾಲುಗಳ ಕಡೆ ಕೈ ಚಾಚಿ ಹಿಂದಕ್ಕೆ ತೆಗೆದುಕೊಂಡರು. ಎಳೆಯಲು ಹೋದರೆ ಇವನು ಒದ್ದಾಡಿ ಇಟ್ಟಿಗೆಗೆ ಕಾಲು ತಾಗಿಸುತ್ತಾನೆ. ಬೈದರೆ ಆಶೀರ್ವಾದ ಅಂದುಕೊಳ್ಳುತ್ತಾನೆ. ಇಂಥವನ ಜೊತೆ ಏಗುವುದಾದರೂ ಹೇಗೆ?

ಅವರು ಮರಳಿನ ಮೇಲೆ ಅಂಗಾತ ಮಲಗಿದರು.

"ಸರಿ. ಸ್ವಲ್ಪ ಆ ಕಡೆ ಸರಿ."

"ಯಾಕೆ ಬುದ್ಧಿ?"

"ನಾನೂ ಬರ್ತೀನಿ. ಬರೀ ನನ್ನ ಹೆಸರಿಗೇ ಇಷ್ಟು ಗಟ್ಟಿಯಾಗಿ ನಿಂತಿರೋ ಇಟ್ಟಿಗೆ, ನಾನೇ ಕೆಳಗೆ ಬಂದ್ರೆ ಇನ್ನೂ ಗಟ್ಟಿಯಾಗುತ್ತೆ."

ಹೇಳುತ್ತಲೇ ತಲೆ ಒಳಗೆ ತೂರಿಸಿದರು. ಒದ್ದೆ ಪಂಚೆಗೆ ಮರಳು ಮೆತ್ತಿಕೊಂಡಿತು.

"ಬೇಡಿ ಬುದ್ಧಿ! ಬೇಡಿ! ಬಿದ್ರೆ?"

"ಏನು ಬಿದ್ರೆ?"

"ಕಾರು ಬುದ್ಧಿ!"

"ಅದೇನು, ನನ್ನ ಮೇಲೆ ಮಾತ್ರ ಬೀಳುತ್ತಾ?"

"ದಮ್ಮಯ್ಯ ಅಂತೀನಿ, ಆಚೆ ಹೋಗಿ ಬುದ್ಧಿ!"

"ಹೋಗಲ್ಲ. ಇಲ್ಲೇ ತಂಪಾಗಿದೆ."

ನಿಜಗುಣ ಆ ಕಡೆಯಿಂದ ಉರುಳಿಕೊಂಡು ಆಚೆ ಬಿದ್ದ. ಎದ್ದು ಕಾರನ್ನು ಸುತ್ತಿ ಓಡಿಬಂದು, ಗುರುಗಳ ಎರಡೂ ಕಾಲು ಹಿಡಿದು ದರದರ ಎಳೆದ. ಗುರುವಿನ ಪಾದ ಹಿಡಿದವರು ಬಹಳ ಜನ ಇದ್ದಾರೆ. ಹೀಗೆ ಹಿಡಿದು ಎಳೆದವನು ಇವನೊಬ್ಬನೇ ಇರಬೇಕು.

ಗುರುಗಳು ಎದ್ದು ಕೂತು ಬಾಯಿಗೆ ಹೋದ ಮರಳು ಉಗಿಯುತ್ತಿದ್ದರು.

ಫಟ್ ಅಂತು. ಕೆಳಗಿನ ಇಟ್ಟಿಗೆ ಬಿರಿದು ಪುಡಿಯಾಯಿತು, ಮೇಲಿನವು ಅದರ ಹಿಂದೆಯೇ ಕುಸಿದವು. ಕಾರು ಧೊಪ್ ಅಂತ ನೆಲಕ್ಕೆ ಕೂತಿತು.

ಸೋರುವ ಆಯಿಲ್ ಹಿಡಿಯಲು ನಿಜಗುಣ ಅಮ್ಮನ ಅಡುಗೆಮನೆಯಿಂದ ಅಲ್ಯೂಮಿನಿಯಂ ಬೋಸಿ ತಂದಿಟ್ಟಿದ್ದ. ಅವನ ತಲೆಯ ಪಕ್ಕದಲ್ಲೇ ಇತ್ತು ಅದು. ಈಗ ಕಾರಿನ ಕೆಳಗೆ ಅಪ್ಪಚ್ಚಿಯಾಗಿ ಬಿದ್ದಿತ್ತು.

ಇಬ್ಬರೂ ಅದನ್ನೇ ನೋಡಿದರು.

ಸದ್ದು ಕೇಳಿ ಗುರುಮಲ್ಲಮ್ಮ ಓಡಿಬಂದಳು. ಕೈಯಲ್ಲಿ ಮುದ್ದೆ ತಿರುವುವ ಕೋಲು ಹಾಗೇ ಇತ್ತು. ಬೋಸಿ ನೋಡಿದಳು. ಮಗನ ತಲೆ, ಭುಜ, ಎದೆ ಎಲ್ಲ ಮುಟ್ಟಿ ಮುಟ್ಟಿ ನೋಡಿದಳು. ಆಮೇಲೆ ಅವನ ಕೆನ್ನೆಗೆ ಒಂದು ಬಿಟ್ಟಳು. ಆಮೇಲೆ ಗುರುಗಳ ಕಾಲಿಗೆ ಬಿದ್ದಳು.

"ನನ್ನ ಮಗನ್ನ ಉಳಿಸಿಕೊಟ್ರಿ ಬುದ್ಧಿ!"

ನಿಜಗುಣನೂ ಪಕ್ಕದಲ್ಲೇ ಬಿದ್ದ. "ನಿಮ್ಮ ಪವಾಡ ಬುದ್ಧಿ! ನೀವಿಲ್ಲದೆ ಇದ್ದಿದ್ರೆ ನಾನು ಸತ್ತೇ ಹೋಗ್ತಿದ್ದೆ."

"ಕಾಲು ಹಿಡಿದು ಎಳೆದೋನು ನೀನು," ಅಂದರು ಗುರುಗಳು. "ಉಳಿದಿದ್ದು ನಾನು."

"ನೋಡವ್ವ, ಎಷ್ಟು ದೊಡ್ಡ ಮನಸ್ಸು!"

ಇಲ್ಲಿಗೆ ಬುದ್ಧಿ ಬಂತು ಅಂದುಕೊಂಡಿರಾ? ಎಲ್ಲಿ ಬರುತ್ತೆ! ಸಂಜೆಯೊಳಗೆ ಸುತ್ತಿನ ಊರಿಗೆಲ್ಲ ಸುದ್ದಿ ಹಬ್ಬಿತು. ಗುರುಗಳು ಬೀಳುತ್ತಿದ್ದ ಕಾರನ್ನು ಒಂದೇ ಕೈಯಲ್ಲಿ ತಡೆದರಂತೆ. ಜನ ಟೆಂಪೋ ಮಾಡಿಕೊಂಡು ಬಂದರು. ಕಾರಿಗೆ ಹಾರ ಹಾಕಿದರು. ಒಡೆದ ಇಟ್ಟಿಗೆಯ ಚೂರುಗಳನ್ನು ಆರಿಸಿ ಸೆರಗಿಗೆ ಗಂಟು ಹಾಕಿಕೊಂಡರು.

ಒಬ್ಬ ಹೆಂಗಸು ಒಂದು ಚೂರನ್ನು ಗುರುಗಳ ಮುಂದೆ ಹಿಡಿದಳು. "ಮುಟ್ಟಿಕೊಡಿ ಬುದ್ಧಿ. ಮೊಮ್ಮಗನ ತೊಟ್ಟಿಲಿಗೆ ಕಟ್ತೀನಿ."

"ಅದು ನನ್ನನ್ನ ಕೊಲ್ಲಬೇಕಿದ್ದ ಇಟ್ಟಿಗೆ ಕಣಮ್ಮಾ!"

"ಕೊಲ್ಲಲಿಲ್ವಲ್ಲ ಬುದ್ಧಿ!"

ಗುರುಗಳು ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಜನ ಹೋದ ಮೇಲೆ ಅವರು ಗದ್ದುಗೆ ಮನೆಗೆ ಬಂದರು. ಗುರುಮಲ್ಲಮ್ಮ ಹಣತೆಗೆ ಎಣ್ಣೆ ಹಾಕುತ್ತಿದ್ದಳು.

"ಗುರುಮಲ್ಲಮ್ಮ, ಇವನ್ನ ಇಲ್ಲಿ ತಂದಿಟ್ಟಿದ್ದು ಯಾರು?"

"ನಾನೇ ಬುದ್ಧಿ. ನೀವು ಕೈಯಾರೆ ಕೊಟ್ಟಿದ್ದು ಅಂತ."

"ನಾನು ಕೊಟ್ಟಿದ್ದು ಯಾಕೆ?"

ಆಕೆ ಎಣ್ಣೆ ಹಾಕುವುದನ್ನು ನಿಲ್ಲಿಸಿದಳು.

"ನನಗೆ ಭಯ ಆಗಿತ್ತಮ್ಮ," ಅಂದರು ಗುರುಗಳು. ಅವರ ದನಿಯಲ್ಲಿ ಈಗ ಕೋಪ ಇರಲಿಲ್ಲ. "ಮೊದಲನೇ ದಿನ ಅವನ ಕಾಲು ಕಂಡಾಗಲೇ ಜೀವ ಬಾಯಿಗೆ ಬಂದಿತ್ತು. ಅವನು ಸತ್ತರೆ ನಿಮ್ಮ ಮುಖ ಹ್ಯಾಗೆ ನೋಡಲಿ ಅಂತ ಇವನ್ನ ತಂದೆ. ಇವು ಇಲ್ಲಿ ದೀಪ ಹೊತ್ಕೊಂಡು ನಿಂತಿದ್ವು. ಅವನು ಅಲ್ಲಿ ಇಟ್ಟಿಗೆ ಕೆಳಗೆ ಮಲಗಿದ್ದ."

ಗುರುಮಲ್ಲಮ್ಮ ಎಣ್ಣೆ ಬಟ್ಟಲನ್ನು ಕೆಳಗಿಟ್ಟಳು. ಅಪ್ಪಚ್ಚಿಯಾದ ಬೋಸಿಯನ್ನು ಆಕೆ ಬೆಳಿಗ್ಗೆಯಿಂದ ಬಿಸಾಡದೆ ಒಲೆಯ ಪಕ್ಕ ಇಟ್ಟುಕೊಂಡಿದ್ದಳು. ಅದರ ಕಡೆ ನೋಡುವುದಕ್ಕೇ ಆಗುತ್ತಿರಲಿಲ್ಲ.

"ನನ್ನ ಕೈಯಾರೆ ನಾನೇ ನನ್ನ ಮಗನ್ನ..." ಅಂದಳು.

ಆಕೆ ಹಣತೆಗಳನ್ನು ಎತ್ತಿ ನೆಲಕ್ಕಿಟ್ಟಳು. ಹೂವು ತೆಗೆದಳು. ಪಾದುಕೆಯ ಕೆಳಗಿಂದ ಪ್ಯಾಡನ್ನು ತಾನೇ ಎಳೆದಳು.

"ಪಾದುಕೆ ಜಾರುತ್ತೆ ಬುದ್ಧಿ," ಅಂದಳು, ಅಳುತ್ತಲೇ.

"ಜಾರಲಿ ಬಿಡಿ. ಅವು ನೆಲದ ಮೇಲೆ ಓಡಾಡಿದವೇ."

ಮಾರನೇ ದಿನ ಕಾರನ್ನು ಮರಳಿನಿಂದ ತಳ್ಳಿಕೊಂಡು ಬಂದು ಅಡುಗೆಮನೆಯ ಮುಂದಿನ ಕಲ್ಲುಹಾಸಿನ ಮೇಲೆ ನಿಲ್ಲಿಸಿದರು. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಎರಡೂ ಕಡೆ ದಪ್ಪ ಕಲ್ಲು ಕೊಟ್ಟರು. ಗುರುಮಲ್ಲಮ್ಮ ಬಾಗಿಲಲ್ಲಿ ಸೊಂಟಕ್ಕೆ ಸೆರಗು ಬಿಗಿದು ನಿಂತಳು.

ನಿಜಗುಣ ಜಾಕಿನ ತಲೆಗೆ ಪ್ಯಾಡ್ ಇಟ್ಟು, ಬಾಗಿಲ ಕೆಳಗಿನ ಅಂಚನ್ನು ಗೀರಿನಲ್ಲಿ ಕೂರಿಸಿ ಎತ್ತಿದ. ಒಂದು ಕಡೆಯ ಸ್ಟ್ಯಾಂಡನ್ನು ತಾನೇ ಇಟ್ಟ. ಇನ್ನೊಂದು ಕಡೆ ಎತ್ತುವಾಗ ಮತ್ತೆ ಶುರುಮಾಡಿದ.

"ಬುದ್ಧಿ, ಇದನ್ನ ನೀವು ನಿಮ್ಮ ಕೈಯಿಂದಲೇ ಇಡಬೇಕು."

"ಯಾಕೆ? ನಿನ್ನ ಕೈಗೇನಾಗಿದೆ?"

"ನೀವಿಟ್ರೆ ನನಗೆ ಧೈರ್ಯ ಬುದ್ಧಿ."

"ಧೈರ್ಯ ಬೇಡ ಕಣಯ್ಯಾ, ನಿಗಾ ಬೇಕು!"

"ಒಂದೇ ಒಂದ್ಸಲ ಬುದ್ಧಿ."

"ಸಾಕಪ್ಪಾ ನಿನ್ನ ಸಹವಾಸ!" ಅಂತ ಗುರುಗಳು ಸ್ಟ್ಯಾಂಡ್ ಕಸಿದುಕೊಂಡು ಕಾರಿನ ಕೆಳಗೆ ಕುಕ್ಕಿದರು. ನಿಜಗುಣ ಕಣ್ಣು ತುಂಬಿಕೊಂಡು ಜಾಕನ್ನು ಮೆಲ್ಲಗೆ ಇಳಿಸಿದ. ಕಾರಿನ ಮುಂಭಾಗ ಎರಡೂ ಸ್ಟ್ಯಾಂಡಿನ ಮೇಲೆ ಕೂತಿತು. ಜಾಕನ್ನು ಹಾಗೇ ಹತ್ತಿರದಲ್ಲೇ ತಾಗಿಯೂ ತಾಗದ ಹಾಗೆ ಬಿಟ್ಟ.

ಸ್ಪ್ಯಾನರ್ ತೆಗೆದುಕೊಂಡು, ಗುರುಗಳಿಗೆ ಕೈ ಮುಗಿದು, ಮಂಡಿ ಊರಿದ.

"ಎಲ್ಲಿಗೆ?"

"ಕೆಳಕ್ಕೆ ಬುದ್ಧಿ."

"ಮೊದಲು ಕಾರನ್ನ ದಬ್ಬಿ ನೋಡು."

ನಿಜಗುಣ ಬೆಚ್ಚಿಬಿದ್ದ. "ದಬ್ಬೋದಾ? ನೀವಿಟ್ಟಿದ್ದನ್ನಾ?"

"ಹೂಂ. ನಾನಿಟ್ಟಿದ್ದನ್ನೇ."

"ಅಪಚಾರ ಆಗುತ್ತೆ ಬುದ್ಧಿ."

"ದಬ್ಬಯ್ಯಾ!"

ನಿಜಗುಣ ಎದ್ದು ಬಾನೆಟ್ಟಿನ ಮೇಲೆ ಎರಡು ಬೆರಳಿಟ್ಟ.

"ಮಂಗಳಾರತಿ ತಗೊಳ್ಳೋ ಹಾಗೆ ಮುಟ್ಟಬೇಡ. ಭುಜ ಕೊಟ್ಟು ದಬ್ಬು."

"ನನ್ನ ಕೈಲಾಗಲ್ಲ ಬುದ್ಧಿ. ನಿಮ್ಮ ಮೇಲೆ ಅನುಮಾನ ಪಟ್ಟಂಗೆ ಆಗುತ್ತೆ."

ಬಾಗಿಲಲ್ಲಿ ನಿಂತಿದ್ದ ಗುರುಮಲ್ಲಮ್ಮನಿಗೆ ತಡೆಯಲಾಗಲಿಲ್ಲ.

"ದಬ್ಬೋ ಮೂದೇವಿ! ಇಲ್ಲ ಅಂದ್ರೆ ನಾನೇ ಬಂದು ಕಾರಿನ ಬದಲು ನಿನ್ನ ದಬ್ತೀನಿ!"

ನಿಜಗುಣ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಭುಜ ಕೊಟ್ಟು ದಬ್ಬಿದ.

ಕಾರು ಅಲ್ಲಾಡಿತು. ಗುರುಗಳು ಇಟ್ಟಿದ್ದ ಸ್ಟ್ಯಾಂಡು ಟಕ್ ಅಂತ ಒಂದು ಕಡೆಗೆ ವಾಲಿತು. ಅದರ ಒಂದು ಕಾಲು ಎರಡು ಕಲ್ಲಿನ ನಡುವಿನ ಸಂದಿಯಲ್ಲಿತ್ತು. ಕಾರು ಜಾಕಿನ ಮೇಲೆ ಒರಗಿ ನಿಂತಿತು.

ನಿಜಗುಣ ಹಾಗೇ ಹಿಂದೆ ಸರಿದ. ಅವನು ಸ್ಟ್ಯಾಂಡ್ ನೋಡಿದ, ಗುರುಗಳನ್ನು ನೋಡಿದ. ಆಮೇಲೆ ಅವನ ಮುಖದಲ್ಲಿ ಮೆಲ್ಲಗೆ ಆ ಹಳೇ ನಗು ಬಂತು.

"ತಿಳೀತು ಬುದ್ಧಿ. ನನ್ನ ಪರೀಕ್ಷೆ ಮಾಡೋಕೆ ಬೇಕು ಅಂತಲೇ ಹಾಗಿಟ್ರಿ."

"ಇಲ್ಲ ಕಣಯ್ಯಾ."

"ನನಗೆ ಪಾಠ ಆಗಲಿ ಅಂತ..."

"ಇಲ್ಲ ಅಂದೆನಲ್ಲ! ನಿನ್ನ ಮೇಲೆ ಕೋಪ ಬಂದಿತ್ತು. ಕೋಪದಲ್ಲಿ ಕುಕ್ಕಿದೆ. ಕಾಲು ಎಲ್ಲಿ ಬಿತ್ತು ಅಂತ ನೋಡಲಿಲ್ಲ. ತಪ್ಪಾಯ್ತು."

ನಿಜಗುಣನ ನಗು ಅಲ್ಲೇ ನಿಂತುಹೋಯಿತು. ಗುರುಗಳ ಬಾಯಿಂದ ಆ ಮಾತನ್ನು ಅವನು ಯಾವತ್ತೂ ಕೇಳಿರಲಿಲ್ಲ.

ಅವನು ಜಾಕ್ ಎತ್ತಿದ. ಗುರುಗಳು ಇಟ್ಟಿದ್ದ ಸ್ಟ್ಯಾಂಡನ್ನು ಈಚೆ ತೆಗೆದ. ಕಲ್ಲಿನ ಮೇಲೆ ಅಂಗೈ ಆಡಿಸಿ ಸಪಾಟಾದ ಜಾಗ ಹುಡುಕಿ, ನಾಲ್ಕೂ ಕಾಲು ಊರಿವೆಯೋ ಅಂತ ಬಗ್ಗಿ ನೋಡಿ ಇಟ್ಟ. ಹಲ್ಲು ಕಚ್ಚಿಸಿ ಪಿನ್ನು ತೂರಿಸಿದ. ಕಾರು ಇಳಿಸಿದ. ಯಾರೂ ಹೇಳದೆಯೇ ಭುಜ ಕೊಟ್ಟು ದಬ್ಬಿದ. ಆ ಕಡೆಯಿಂದಲೂ ದಬ್ಬಿದ.

ಕಾರು ಅಲ್ಲಾಡಲಿಲ್ಲ.

ಆದರೂ ಅವನು ಕೆಳಗೆ ಹೋಗಲಿಲ್ಲ. ಸ್ಪ್ಯಾನರ್ ಹಿಡಿದುಕೊಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತ. ಅವನಿಗೆ ಅಳು ಬರುವ ಹಾಗಿತ್ತು.

"ಬುದ್ಧಿ."

"ಏನು?"

"ನೀವಿಟ್ಟಿದ್ದೇ ಅಲ್ಲಾಡ್ತು. ಇನ್ನು ನಿಮ್ಮ ಮಾತನ್ನ ನಾನು ಹೇಗೆ ನಂಬಲಿ?"

ಇಷ್ಟು ವರ್ಷದಲ್ಲಿ ಗುರುಗಳ ಮಾತನ್ನೇ ಅನುಮಾನಿಸಿ ಅವನು ಕೇಳಿದ ಮೊದಲನೇ ಪ್ರಶ್ನೆ ಅದು. ಗುರುಗಳು ಅವನ ಪಕ್ಕದಲ್ಲೇ ನೆಲದ ಮೇಲೆ ಕೂತರು.

"ಅದನ್ನೂ ಭುಜ ಕೊಟ್ಟು ದಬ್ಬಿ ನೋಡಯ್ಯಾ. ನಿಂತರೆ ಮಾತ್ರ ಅದರ ಕೆಳಗೆ ಮಲಗು."